ಹೊರಟವರ ಬೆನ್ನಿಗೆ ಭಾರವಾಗದ ಉಡುಗೊರೆ

ಅಮೆರಿಕದ ಜಾರ್ಜಿಯಾ ರಾಜ್ಯದ ಬೆಟ್ಟಗಳ ನಡುವೆ ನೀಲ್ ಗ್ಯಾಪ್ ಎಂಬ ಕಣಿವೆಯಿದೆ. ಅಲ್ಲಿ 1930ರ ದಶಕದಲ್ಲಿ ಕಟ್ಟಿದ ಕಲ್ಲಿನ ಕಟ್ಟಡವೊಂದಿದೆ. ಅದರ ನಡುವಿನ ಮೊಗಸಾಲೆಯನ್ನು ಹಾದು ಒಂದು ಕಾಲುದಾರಿ ಸಾಗುತ್ತದೆ. ಈ ದಾರಿಯ ದಕ್ಷಿಣ ತುದಿಯಾದ ಸ್ಪ್ರಿಂಗರ್ ಬೆಟ್ಟದಿಂದ ಹೊರಟವರು ಸುಮಾರು 50 ಕಿ.ಮೀ. ನಡೆದು, ಮೂರು ನಾಲ್ಕು ದಿನಗಳಲ್ಲಿ ಇಲ್ಲಿಗೆ ಬಂದು ಸೇರುತ್ತಾರೆ. ಅಷ್ಟರಲ್ಲೇ ಹೆಗಲು ಕಂದಿರುತ್ತದೆ, ಪಾದಗಳಲ್ಲಿ ಬೊಬ್ಬೆ ಎದ್ದಿರುತ್ತದೆ. ಮುಂದಿನ ದಾರಿಯೋ ಇನ್ನೂ 3,400 ಕಿ.ಮೀ.ಗೂ ಹೆಚ್ಚು.

ಈ ಕಟ್ಟಡದಲ್ಲಿ ನಡಿಗೆಯವರಿಗೆ ಬೇಕಾದ ಸಾಮಾನು ಮಾರುವ ಅಂಗಡಿಯಿದೆ. ಅಂಗಡಿಯವರು ಮಾರುವುದರ ಜೊತೆಗೆ ಇನ್ನೊಂದು ಉಪಕಾರವನ್ನೂ ಮಾಡುತ್ತಾರೆ. ನಡೆದು ಬಂದವರ ಚೀಲವನ್ನು ಬಿಚ್ಚಿಸಿ, ಒಂದೊಂದೇ ವಸ್ತುವನ್ನು ಹೊರಗಿಟ್ಟು, ಯಾವುದು ಬೇಕು, ಯಾವುದು ಬೇಡ ಎಂದು ಬೇರ್ಪಡಿಸಲು ನೆರವಾಗುತ್ತಾರೆ. ದಪ್ಪ ಪುಸ್ತಕ, ಭಾರದ ಪಾತ್ರೆ, ದೊಡ್ಡ ಚಾಕು, ಮೂರನೆಯ ಜೊತೆ ಬಟ್ಟೆ, ಹೀಗೆ ಬೇಡದ ವಸ್ತುಗಳ ಗುಡ್ಡೆ ಬೆಳೆಯುತ್ತದೆ. ಅವೆಲ್ಲ ಪೆಟ್ಟಿಗೆ ಸೇರಿ ಅಂಚೆಯಲ್ಲಿ ಮನೆಗೆ ಮರಳುತ್ತವೆ. ಹಾಗೆ ಮರಳುವ ವಸ್ತುಗಳಲ್ಲಿ ಬಂಧುಗಳು, ಗೆಳೆಯರು ಪ್ರೀತಿಯಿಂದ ಕೊಟ್ಟ ಉಡುಗೊರೆಗಳೂ ಇರುತ್ತವೆ.

ಕೊಟ್ಟವರ ಪ್ರೀತಿಯಲ್ಲಿ ಕೊರತೆಯಿಲ್ಲ, ಪಡೆದವರ ಕೃತಜ್ಞತೆಯಲ್ಲೂ ಕೊರತೆಯಿಲ್ಲ. ಆದರೂ ಉಡುಗೊರೆ ನಾಲ್ಕು ದಿನ ಬಾಳಲಿಲ್ಲ. ದೂರ ನಡೆಯಲು ಹೊರಟವರಿಗೆ ಏನು ಕೊಡಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಕಾಣುವಷ್ಟು ಸುಲಭದ್ದಲ್ಲ. ಸಾಮಾನ್ಯವಾಗಿ ಉಡುಗೊರೆಯೆಂದರೆ ಬಹುಕಾಲ ಬಾಳಬೇಕು, ಕಣ್ಣಿಗೆ ತುಂಬುವಂತಿರಬೇಕು, ಕೊಟ್ಟವರ ನೆನಪಾಗಿ ಸದಾ ಬಳಿಯಲ್ಲಿರಬೇಕು. ನಡೆಯುವವರ ವಿಷಯದಲ್ಲಿ ಈ ಮೂರು ಗುಣಗಳೂ ದೋಷಗಳಾಗುತ್ತವೆ. ಬಾಳುವ ವಸ್ತುವನ್ನು ಬಾಳುವಷ್ಟು ದಿನವೂ ಹೊರಬೇಕಲ್ಲ!

ಐವತ್ತು ಲಕ್ಷ ಹೆಜ್ಜೆಗಳ ಲೆಕ್ಕ

ನೀಲ್ ಗ್ಯಾಪ್‌ನಲ್ಲಿ ಹಾದುಹೋಗುವುದು ಅಪಲೇಚಿಯನ್ ಕಾಲುದಾರಿ. ಬೆಂಟನ್ ಮೆಕಾಯ್ ಎಂಬ ಅರಣ್ಯತಜ್ಞರು 1921ರಲ್ಲಿ ಬರೆದ ಒಂದು ಲೇಖನದಲ್ಲಿ ಇಂಥ ದಾರಿಯ ಕಲ್ಪನೆ ಮೂಡಿತು. ಸ್ವಯಂಸೇವಕರ ದುಡಿಮೆಯಿಂದ 1937ರಲ್ಲಿ ದಾರಿ ಪೂರ್ಣಗೊಂಡಿತು. ಜಾರ್ಜಿಯಾದಿಂದ ಉತ್ತರದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ 14 ರಾಜ್ಯಗಳಲ್ಲಿ ಸಾಗುವ ಈ ದಾರಿಯ ಉದ್ದ ಸುಮಾರು 3,500 ಕಿ.ಮೀ. ಇಡೀ ದಾರಿಯನ್ನು ಒಂದೇ ಸಲಕ್ಕೆ ನಡೆದು ಮುಗಿಸಿದ ಮೊದಲಿಗರೆಂದು ಹೆಸರಾದವರು ಅರ್ಲ್ ಶಾಫರ್. ಎರಡನೆಯ ಮಹಾಯುದ್ಧದಿಂದ ಮರಳಿದ್ದ ಆ ಸೈನಿಕರು 1948ರಲ್ಲಿ ಇದನ್ನು ಸಾಧಿಸಿದರು. ಹಾಗೆ ನಡೆಯಲು ಸಾಮಾನ್ಯವಾಗಿ ಐದರಿಂದ ಏಳು ತಿಂಗಳು ಬೇಕು. ಹೊರಟ ನಾಲ್ವರಲ್ಲಿ ಸುಮಾರು ಒಬ್ಬರು ಮಾತ್ರ ಕೊನೆ ಮುಟ್ಟುತ್ತಾರೆ.

ಇಡೀ ದಾರಿಗೆ ಸುಮಾರು 50 ಲಕ್ಷ ಹೆಜ್ಜೆ ಎಂದು ಅಂದಾಜು ಮಾಡುವುದುಂಟು. ಚೀಲದಲ್ಲಿ ಸೇರಿದ ಪ್ರತಿ ವಸ್ತುವನ್ನೂ ಅಷ್ಟು ಸಲ ಎತ್ತಿ ಇಟ್ಟಂತೆ ಎಂದು ಭಾವಿಸಿದರೆ ಅರ್ಧ ಕಿಲೋ ತೂಕದ ಕಂಚಿನ ಮೂರ್ತಿಯಾಗಲಿ, ಚರ್ಮದ ರಟ್ಟಿನ ದಿನಚರಿಯಾಗಲಿ ಏನಾಗುತ್ತದೆಂಬುದು ತಿಳಿಯುತ್ತದೆ. ಚೀಲದ ಒಟ್ಟು ತೂಕ ನಡೆಯುವವರ ಮೈತೂಕದ ಐದನೇ ಒಂದು ಭಾಗವನ್ನು ಮೀರಬಾರದೆಂಬುದು ಅನುಭವಿಗಳ ಲೆಕ್ಕಾಚಾರ. ಅಂದರೆ 60 ಕಿಲೋ ತೂಗುವವರು 12 ಕಿಲೋ ಹೊರಬಹುದು. ಗುಡಾರ, ಹಾಸಿಗೆ, ನೀರು, ನಾಲ್ಕೈದು ದಿನದ ಆಹಾರ ಎಲ್ಲವೂ ಅದರಲ್ಲೇ ಬರಬೇಕು.

1990ರ ದಶಕದಲ್ಲಿ ರೇ ಜಾರ್ಡಿನ್ ಎಂಬ ನಡಿಗೆಗಾರರು ಈ ಲೆಕ್ಕವನ್ನು ಇನ್ನೂ ಬಿಗಿಗೊಳಿಸಿದರು. ಅಮೆರಿಕದ ಪಶ್ಚಿಮ ಭಾಗದಲ್ಲಿ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗಿನ ಪೆಸಿಫಿಕ್ ಕ್ರೆಸ್ಟ್ ಕಾಲುದಾರಿಯನ್ನು ನಡೆದ ಅವರು, ಹಗುರ ಚೀಲವೇ ದೂರ ನಡೆಯುವ ಗುಟ್ಟು ಎಂದು ಬರೆದು ಪ್ರಚಾರ ಮಾಡಿದರು. ಅವರ ದಾರಿ ಹಿಡಿದವರು ಆಹಾರ ಮತ್ತು ನೀರನ್ನು ಬಿಟ್ಟು ಉಳಿದ ಸಾಮಾನೆಲ್ಲ ನಾಲ್ಕೂವರೆ ಕಿಲೋ ಒಳಗಿರಬೇಕೆಂಬ ನಿಯಮ ಹಾಕಿಕೊಂಡರು. ಭಾರ ಉಳಿಸಲು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಕತ್ತರಿಸಿಕೊಳ್ಳುವವರೂ ಇದ್ದಾರೆ. ಅಂಥವರ ಕೈಗೆ ಹೊಸ ವಸ್ತುವೊಂದನ್ನು ಇಡುವ ಮುನ್ನ ಎರಡು ಬಾರಿ ಯೋಚಿಸಬೇಕಾಗುತ್ತದೆ.

ಏನನ್ನೂ ಪಡೆಯದೆ ಹೊರಟ ಅಜ್ಜಿ

ಈ ದಾರಿಯ ಇತಿಹಾಸದಲ್ಲಿ ಎಲ್ಲರೂ ನೆನೆಯುವ ಹೆಸರು ಎಮ್ಮಾ ಗೇಟ್‌ವುಡ್ ಅವರದು. ಓಹಾಯೋ ರಾಜ್ಯದ ರೈತ ಕುಟುಂಬದ ಈ ಮಹಿಳೆ 11 ಮಕ್ಕಳ ತಾಯಿ. ಹೊಡೆದು ಹಿಂಸಿಸುತ್ತಿದ್ದ ಗಂಡನೊಡನೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿ, ಕೊನೆಗೆ ವಿಚ್ಛೇದನ ಪಡೆದವರು. ಪತ್ರಿಕೆಯೊಂದರಲ್ಲಿ ಅಪಲೇಚಿಯನ್ ಕಾಲುದಾರಿಯ ಬಗ್ಗೆ ಓದಿದ ಮೇಲೆ ಅದನ್ನು ನಡೆಯಬೇಕೆಂಬ ಆಸೆ ಅವರಲ್ಲಿ ಹುಟ್ಟಿತು. 1954ರ ಮೊದಲ ಪ್ರಯತ್ನದಲ್ಲಿ ದಾರಿ ತಪ್ಪಿ, ಕನ್ನಡಕ ಒಡೆದು, ಮನೆಗೆ ಮರಳಬೇಕಾಯಿತು. ಮರುವರ್ಷ ಮೇ ತಿಂಗಳಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಮತ್ತೆ ಹೊರಟರು. ಮಕ್ಕಳಿಗೆ ತಿಳಿದದ್ದು ಇಷ್ಟೇ: ಅಮ್ಮ ನಡೆಯಲು ಹೋಗಿದ್ದಾಳೆ. ಎಲ್ಲಿಗೆ, ಎಷ್ಟು ದೂರ ಎಂಬುದು ಆಮೇಲೆ ಗೊತ್ತಾಯಿತು.

ತಿಳಿಸದೆ ಹೊರಟದ್ದರಿಂದ ಅವರಿಗೆ ಯಾರೂ ಉಡುಗೊರೆ ಕೊಡುವ ಪ್ರಸಂಗ ಬರಲಿಲ್ಲ. ಒರಟು ಬಟ್ಟೆಯಿಂದ ತಾವೇ ಹೊಲಿದುಕೊಂಡ ಒಂದು ಚೀಲ, ಹೊದೆಯಲು ಒಂದು ಕಂಬಳಿ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ, ಕಾಲಿಗೆ ಮಾಮೂಲಿ ಕ್ಯಾನ್ವಾಸ್ ಶೂ. ಗುಡಾರವಿಲ್ಲ, ಮಲಗುವ ಚೀಲವಿಲ್ಲ. ಚೀಲದ ತೂಕ ಒಂಬತ್ತು ಕಿಲೋ ದಾಟಿದ್ದು ಅಪರೂಪ. ತಿನ್ನಲು ಒಣದ್ರಾಕ್ಷಿ, ಕಡಲೆಕಾಯಿ ಬೀಜ, ಡಬ್ಬಿಯಲ್ಲಿ ಸಿಗುವ ಮಾಂಸ. ಸೆಪ್ಟೆಂಬರ್ 25ರಂದು ಅವರು ಕಟಾಡಿನ್ ಶಿಖರವನ್ನು ತಲುಪಿದರು. ಇಡೀ ದಾರಿಯನ್ನು ಒಂದೇ ಋತುವಿನಲ್ಲಿ ಒಬ್ಬಂಟಿಯಾಗಿ ನಡೆದ ಮೊದಲ ಮಹಿಳೆ ಎಂಬ ಕೀರ್ತಿ ಅವರದಾಯಿತು. 1957ರಲ್ಲಿ ಅದೇ ದಾರಿಯನ್ನು ಮತ್ತೊಮ್ಮೆ ನಡೆದರು.

ಮನೆಯವರು ಏನೂ ಕೊಡದಿದ್ದರೂ ಅವರಿಗೆ ದಾರಿಯುದ್ದಕ್ಕೂ ಸಿಕ್ಕಿದ್ದು ಕಡಿಮೆಯಲ್ಲ. ಗುರುತಿಲ್ಲದ ಮನೆಗಳವರು ಊಟ ಬಡಿಸಿದರು, ಮಲಗಲು ಹಾಸಿಗೆ ಕೊಟ್ಟರು. ಕೆಲವರು ಬಾಗಿಲು ಹಾಕಿಕೊಂಡದ್ದೂ ಉಂಟು. ಅಂಥ ರಾತ್ರಿ ಬಯಲಲ್ಲೇ ಮಲಗಿದರು. ಬಿಸಿ ಊಟ, ಒಂದು ರಾತ್ರಿಯ ನಿದ್ದೆ, ಮುಂದಿನ ದಾರಿಯ ಬಗ್ಗೆ ನಾಲ್ಕು ಮಾತು, ಇಷ್ಟೇ ಅವರಿಗೆ ಸಿಕ್ಕ ಉಡುಗೊರೆಗಳು. ಯಾವುದನ್ನೂ ಹೊತ್ತುಕೊಂಡು ಹೋಗಬೇಕಾಗಿರಲಿಲ್ಲ.

ಕರಗುವ ಉಡುಗೊರೆ

ಕೊಡಬೇಕೆಂದು ಬಯಸುವವರಿಗೆ ಇಲ್ಲೊಂದು ದಾರಿ ಕಾಣುತ್ತದೆ. ನಡೆಯುವವರಿಗೆ ಒಪ್ಪುವ ಉಡುಗೊರೆಗಳಲ್ಲಿ ಮೊದಲನೆಯದು ಬಳಸಿದಂತೆ ಕರಗುವಂಥದು. ನಮ್ಮಲ್ಲಿ ಊರಿಗೆ ಹೊರಟವರಿಗೆ ಬುತ್ತಿ ಕಟ್ಟಿಕೊಡುತ್ತಿದ್ದರಲ್ಲ, ಅದೇ. ದೂರದ ನಡಿಗೆಯಲ್ಲಿ ದಿನಕ್ಕೆ 4,000 ಕ್ಯಾಲೊರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನ್ ಕೊಡುವುದು ನಾಲ್ಕು ಕ್ಯಾಲೊರಿ. ಒಂದು ಗ್ರಾಂ ಕೊಬ್ಬು ಕೊಡುವುದು ಒಂಬತ್ತು. ಆದ್ದರಿಂದ ಎಣ್ಣೆಯ ಅಂಶವುಳ್ಳ ಕಾಳು ಬೀಜಗಳಿಗೆ ಬೆಲೆ ಹೆಚ್ಚು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 570 ಕ್ಯಾಲೊರಿ ಇದ್ದರೆ ನೂರು ಗ್ರಾಂ ಸೇಬಿನಲ್ಲಿ ಇರುವುದು ಐವತ್ತರ ಆಸುಪಾಸು. ಸೇಬಿನ ಬುಟ್ಟಿ ಆಸ್ಪತ್ರೆಯಲ್ಲಿರುವವರಿಗೆ ಸರಿ, ಬೆಟ್ಟ ಹತ್ತುವವರಿಗೆ ನೀರು ಹೊತ್ತಂತೆ. ಉತ್ತರ ಕರ್ನಾಟಕದ ಮನೆಗಳಲ್ಲಿ ದೂರ ಹೊರಟವರಿಗೆ ಕಟ್ಟುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿಗಳು ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತವೆ. ಅವುಗಳಲ್ಲಿ ನೀರಿನಂಶ ಕಡಿಮೆ, ಕೆಡುವುದಿಲ್ಲ, ಬೆಂಕಿ ಬೇಡ.

ಎರಡನೆಯದು, ಸವೆಯುವ ವಸ್ತುಗಳಿಗೆ ಬದಲಿ. ಇಡೀ ದಾರಿಗೆ ನಾಲ್ಕೈದು ಜೊತೆ ಶೂ ಸವೆಯುವುದು ಸಾಮಾನ್ಯ. ಆದರೆ ಇಲ್ಲೂ ಒಂದು ಎಚ್ಚರ ಬೇಕು. ತಿಂಗಳುಗಟ್ಟಲೆ ನಡೆದವರ ಪಾದ ಅಗಲವಾಗಿ, ಉದ್ದವಾಗಿ, ಅರ್ಧದಿಂದ ಒಂದು ಅಳತೆಯಷ್ಟು ದೊಡ್ಡದಾಗುವುದುಂಟು. ಅಚ್ಚರಿಯ ಉಡುಗೊರೆಯೆಂದು ಮೊದಲೇ ಕೊಂಡಿಟ್ಟ ಶೂ ಕಾಲಿಗೆ ಹಿಡಿಸದೆ ಹೋಗಬಹುದು. ಕಾಲುಚೀಲಕ್ಕೆ ಈ ತೊಂದರೆ ಕಡಿಮೆ. ಅದೂ ಉಣ್ಣೆಯದಾಗಿರಬೇಕು. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನು ಹೀರುತ್ತದೆ. ಚಳಿ ಬೆಟ್ಟದಲ್ಲಿ ಅದು ಪ್ರಾಣಕ್ಕೇ ಅಪಾಯ ತರಬಲ್ಲದು. ಉಣ್ಣೆ ನೆನೆದರೂ ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ. ಕುರಿಮಂದೆಯೊಡನೆ ತಿಂಗಳುಗಟ್ಟಲೆ ನಡೆಯುವ ನಮ್ಮ ಕುರಿಗಾಹಿಗಳು ಕಂಬಳಿಯನ್ನು ಮಳೆಗೆ ಕೊಪ್ಪೆಯಾಗಿಯೂ ರಾತ್ರಿ ಹೊದಿಕೆಯಾಗಿಯೂ ಬಳಸುತ್ತ ಬಂದಿರುವುದು ಇದೇ ಕಾರಣಕ್ಕೆ.

ಮೂರನೆಯದು, ದಾರಿಯ ಪಕ್ಕದ ಊರಿನಲ್ಲಿ ಕಾದಿರುವ ಉಡುಗೊರೆ. ಅಮೆರಿಕದ ಅಂಚೆ ಇಲಾಖೆಯಲ್ಲಿ ಪಾರ್ಸೆಲ್ಲನ್ನು ಒಂದು ಊರಿನ ಅಂಚೆ ಕಚೇರಿಗೆ ಕಳಿಸಿದರೆ, ಪಡೆಯುವವರು ಬರಲೆಂದು ಅದನ್ನು ಕೆಲವು ದಿನ ಕಾದಿರಿಸುವ ಏರ್ಪಾಡಿದೆ. ಮನೆಯಲ್ಲಿರುವ ಒಬ್ಬರು ಹೀಗೆ ವಾರಕ್ಕೊಂದು ಪಾರ್ಸೆಲ್ ಕಳಿಸಿ ಇಡೀ ನಡಿಗೆಗೆ ಬೆನ್ನೆಲುಬಾಗಿ ನಿಲ್ಲುವುದುಂಟು. ಆದರೆ ಆರು ತಿಂಗಳಿಗಾಗುವಷ್ಟು ಒಂದೇ ಬಗೆಯ ತಿನಿಸನ್ನು ಮೊದಲೇ ಕಟ್ಟಿಟ್ಟರೆ ಎರಡನೇ ತಿಂಗಳಿಗೆ ನಾಲಿಗೆ ಬೇಸರಿಸುತ್ತದೆ. ವಸತಿಗೃಹಗಳಲ್ಲಿ, ಅಂಗಡಿಗಳಲ್ಲಿ ಬೇಡದ ವಸ್ತು ಹಾಕಿ ಬೇಕಾದುದನ್ನು ಎತ್ತಿಕೊಳ್ಳುವ ಪೆಟ್ಟಿಗೆಗಳಿರುತ್ತವೆ. ಒಬ್ಬರಿಗೆ ಸಾಕಾದ ತಿನಿಸು ಇನ್ನೊಬ್ಬರ ಹೊಟ್ಟೆ ಸೇರುತ್ತದೆ. ಆದ್ದರಿಂದ ಪಾರ್ಸೆಲ್ಲಿಗೆ ಮುಂಚೆ ಒಂದು ಮಾತು ಕೇಳುವುದು ಜಾಣತನ. ಊರಿಗೆ ಬಂದ ದಿನ ಬಿಸಿನೀರ ಸ್ನಾನ, ಬಟ್ಟೆ ಒಗೆತ, ಹೊಟ್ಟೆ ತುಂಬ ಊಟ, ಒಂದು ರಾತ್ರಿಯ ಕೋಣೆ ಇವುಗಳಿಗಾಗುವಷ್ಟು ಹಣ ಕೊಟ್ಟರೆ ಅದಕ್ಕಿಂತ ಹಗುರವಾದ ಉಡುಗೊರೆ ಇನ್ನೊಂದಿಲ್ಲ.

ಕೊಡುವುದನ್ನೇ ಪದ್ಧತಿ ಮಾಡಿಕೊಂಡ ನಾಡುಗಳು

ಬೆಟ್ಟದ ಕಾಲುದಾರಿಗಳಲ್ಲಿ ವಿನೋದಕ್ಕಾಗಿ, ಸಾಹಸಕ್ಕಾಗಿ ನಡೆಯುವುದು ಇತ್ತೀಚಿನ ರೂಢಿ. ಅದಕ್ಕೂ ಶತಮಾನಗಳ ಮೊದಲು ಜನರು ದೂರ ನಡೆದದ್ದು ಯಾತ್ರೆಗಾಗಿ. ನಡೆಯುವವರಿಗೆ ಏನು ಕೊಡಬೇಕೆಂಬ ಪ್ರಶ್ನೆಗೆ ಹಳೆಯ ಯಾತ್ರಾಮಾರ್ಗಗಳು ತಮ್ಮದೇ ಉತ್ತರ ಕಂಡುಕೊಂಡಿವೆ.

ಜಪಾನಿನ ಶಿಕೋಕು ದ್ವೀಪದಲ್ಲಿ 88 ದೇವಾಲಯಗಳನ್ನು ಸುತ್ತುವ ಸುಮಾರು 1,200 ಕಿ.ಮೀ. ಉದ್ದದ ಯಾತ್ರೆಯಿದೆ. ಎಂಟು ಒಂಬತ್ತನೇ ಶತಮಾನದ ಬೌದ್ಧ ಗುರು ಕೋಬೋ ದಾಯಿಶಿ ಪ್ರತಿ ಯಾತ್ರಿಕನ ಜೊತೆಗೂ ನಡೆಯುತ್ತಾರೆಂಬುದು ನಂಬಿಕೆ. ಹಾಗಾಗಿ ಯಾತ್ರಿಕರಿಗೆ ಕೊಟ್ಟದ್ದು ಗುರುವಿಗೇ ಸಲ್ಲುತ್ತದೆ. ದಾರಿಬದಿಯವರು ಕಿತ್ತಳೆ, ಚಹಾ, ಅನ್ನದ ಉಂಡೆ, ಕೆಲವು ನಾಣ್ಯಗಳನ್ನು ಕೊಡುತ್ತಾರೆ. ಈ ಪದ್ಧತಿಗೆ ಅಲ್ಲಿ ‘ಒಸೆತ್ತಾಯಿ’ ಎಂದು ಹೆಸರು. ಕೊಟ್ಟದ್ದನ್ನು ಯಾತ್ರಿಕರು ಬೇಡವೆನ್ನಬಾರದು. ಪ್ರತಿಯಾಗಿ ತಮ್ಮ ಹೆಸರು ಬರೆದ ಸಣ್ಣ ಕಾಗದದ ಚೀಟಿಯೊಂದನ್ನು ಕೊಡಬೇಕು. ಕೊಡುವುದು ಅಂಗೈಯಲ್ಲಿ ಹಿಡಿಸುವಷ್ಟೇ. ಆದ್ದರಿಂದ ಒಪ್ಪಿಕೊಳ್ಳಲು ಕಷ್ಟವೂ ಇಲ್ಲ.

ಯೂರೋಪಿನಲ್ಲಿ ಸ್ಪೇನಿನ ಸಾಂತಿಯಾಗೋಗೆ ನಡೆಯುವ ಯಾತ್ರಿಕರಿಗೆ ಮಧ್ಯಯುಗದಲ್ಲಿ ಹೊರಡುವ ಮುನ್ನ ಚರ್ಚಿನಲ್ಲಿ ಒಂದು ಸಣ್ಣ ಜೋಳಿಗೆಯನ್ನೂ ಊರುಗೋಲನ್ನೂ ಹರಸಿ ಕೊಡುತ್ತಿದ್ದರು. ಹನ್ನೆರಡನೇ ಶತಮಾನದ ಗ್ರಂಥವೊಂದು ಆ ಜೋಳಿಗೆಯ ಅರ್ಥವನ್ನು ವಿವರಿಸುತ್ತದೆ. ಜೋಳಿಗೆ ಕಿರಿದಾಗಿರುವುದು ಹೆಚ್ಚು ಕೂಡಿಡಬಾರದೆಂದು. ಅದರ ಬಾಯಿಗೆ ಕಟ್ಟಿಲ್ಲದಿರುವುದು ಇದ್ದುದನ್ನು ಇಲ್ಲದವರೊಡನೆ ಹಂಚಿಕೊಳ್ಳಲೆಂದು. ತುಂಬಿಸಿ ಕೊಡುವ ಚೀಲಕ್ಕಿಂತ ತುಂಬಲಾಗದ ಚೀಲವನ್ನು ಕೊಟ್ಟದ್ದು ಗಮನಿಸಬೇಕಾದ ಸಂಗತಿ.

ನಮ್ಮಲ್ಲೂ ದೂರದ ನಡಿಗೆ ಹೊಸದಲ್ಲ. ಪ್ರತಿವರ್ಷ ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಹಳ್ಳಿಗಳಿಂದ ಸಾವಿರಾರು ಜನ ಬಿಸಿಲಲ್ಲಿ ನಡೆದು ಶ್ರೀಶೈಲಕ್ಕೆ ಹೋಗುತ್ತಾರೆ. ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದೂ ಮಲ್ಲಿಕಾರ್ಜುನನನ್ನು ಅಳಿಯನೆಂದೂ ಭಾವಿಸುವ ಇವರು ಮಗಳಿಗೆಂದು ಒಯ್ಯುವುದು ಸೀರೆ, ಕುಪ್ಪಸ, ಬಳೆ, ಅರಿಸಿನ ಕುಂಕುಮ. ನೂರಾರು ಕಿ.ಮೀ. ಹೊರಲು ಅವೂ ಹಗುರವೇ. ದಾರಿಯ ಊರುಗಳವರು ಪಾನಕ, ಮಜ್ಜಿಗೆ, ಊಟ ಕೊಟ್ಟು ಉಪಚರಿಸುತ್ತಾರೆ. ನೋವಿನ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಕೊನೆಯ ಹಂತದಲ್ಲಿ ನಲ್ಲಮಲದ ಕಾಡು ಹಾಯುವಾಗ ನೀರು ಹಿಡಿದು ನಿಂತವರೇ ಬಂಧುಗಳು. ಆಷಾಢ ಏಕಾದಶಿಗೆ ಆಳಂದಿ, ದೇಹುಗಳಿಂದ ಪಂಢರಪುರಕ್ಕೆ ನಡೆಯುವ ವಾರಕರಿಗಳಿಗೂ ದಾರಿಯುದ್ದಕ್ಕೂ ಇಂಥದೇ ಉಪಚಾರ ಸಿಗುತ್ತದೆ. ಅಲ್ಲಿ ಹರಿದ ಚಪ್ಪಲಿಯನ್ನು ಕಾಸು ತೆಗೆದುಕೊಳ್ಳದೆ ಹೊಲಿದುಕೊಡುವವರೂ ಇದ್ದಾರೆ. ನಡೆದು ಬಂದವರಿಗೆ ಹೊಸ ಜೋಡಿಗಿಂತ, ಕಾಲಿಗೆ ಪಳಗಿದ ಹಳೆಯ ಜೋಡಿಯನ್ನು ಸರಿಮಾಡಿಕೊಡುವುದೇ ಹೆಚ್ಚು ಹಿತ.

ಕೊಟ್ಟವರು ಅಲ್ಲಿರಬೇಕು

ಕೊಡುವ ಉತ್ಸಾಹ ಅತಿಯಾದರೂ ತೊಂದರೆಯೇ. ಅಪಲೇಚಿಯನ್ ದಾರಿಯಲ್ಲಿ ನಡೆಯುವವರಿಗೆ ಅನಿರೀಕ್ಷಿತವಾಗಿ ಸಿಗುವ ತಿಂಡಿ ತೀರ್ಥಗಳನ್ನು ‘ದಾರಿಯ ಮಾಯೆ’ ಎಂದೂ ಕೊಡುವವರನ್ನು ‘ದಾರಿಯ ದೇವತೆ’ಗಳೆಂದೂ ಕರೆಯುತ್ತಾರೆ. ಕೆಲವರು ತಂಪುಪಾನೀಯ, ತಿನಿಸು ತುಂಬಿದ ಡಬ್ಬಿಗಳನ್ನು ಕಾಡಿನಲ್ಲಿಟ್ಟು ಹೊರಟುಬಿಡುತ್ತಾರೆ. ಖಾಲಿ ಡಬ್ಬಿ, ಕಾಗದಗಳು ದಾರಿಯಲ್ಲಿ ಹರಡುತ್ತವೆ. ತಿನಿಸಿನ ವಾಸನೆಗೆ ಕರಡಿಗಳು ಬರುತ್ತವೆ. ಮನುಷ್ಯರ ಆಹಾರದ ರುಚಿ ಕಂಡ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುವುದೂ ಉಂಟು. ಹಾಗಾಗಿ ದಾರಿಯ ಉಸ್ತುವಾರಿ ನೋಡುವ ಸಂಸ್ಥೆಯ ಸಲಹೆ ಸ್ಪಷ್ಟವಾಗಿದೆ: ಕೊಡುವುದಾದರೆ ಅಲ್ಲೇ ನಿಂತು ಕೊಡಿ, ಉಳಿದುದನ್ನು ಜೊತೆಗೇ ಒಯ್ಯಿರಿ.

ಹಾಗಾದರೆ ಭಾರದ ಉಡುಗೊರೆಗೆ ಅವಕಾಶವೇ ಇಲ್ಲವೇ? ಇದೆ. ನಡಿಗೆ ಮುಗಿದ ಮೇಲೆ ಬೇಕಾದಷ್ಟಿದೆ. ನಡೆದ ದಾರಿಯ ನಕ್ಷೆಗೆ ಚೌಕಟ್ಟು ಹಾಕಿಸಿ ಕೊಡಬಹುದು, ದಪ್ಪ ಪುಸ್ತಕವನ್ನೂ ಕೊಡಬಹುದು. ಕೊನೆಯ ಶಿಖರದ ಬುಡದಲ್ಲಿ ವಾಹನ ತಂದು ಕಾದು ನಿಂತು, ಮನೆಗೆ ಕರೆದೊಯ್ಯುವುದು ಇವೆಲ್ಲಕ್ಕಿಂತ ದೊಡ್ಡದು. ನಾಲ್ವರಲ್ಲಿ ಮೂವರು ಕೊನೆ ಮುಟ್ಟುವುದಿಲ್ಲ ಎಂಬುದನ್ನೂ ಮರೆಯಬಾರದು. ಅರ್ಧದಾರಿಯಲ್ಲಿ ಸೋತು ನಿಂತವರಿಗೂ ಅದೇ ವಾಹನ, ಅದೇ ಮುಖ ಕಾದಿದ್ದರೆ ಅದಕ್ಕೆ ಬೆಲೆ ಕಟ್ಟಲಾಗದು.

ದಾರಿಹೋಕರ ಕಷ್ಟ ಅರಿತು ಕೊಟ್ಟ ಹಿಂದಿನವರ ಕೊಡುಗೆಗಳು ಈಗಲೂ ಅಲ್ಲಲ್ಲಿ ಉಳಿದಿವೆ. ದಾರಿಬದಿಗಳಲ್ಲಿ ಆಲದ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಅಶೋಕ ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದು ಕನ್ನಡ ನಾಡಿನಲ್ಲಿ ಪುಣ್ಯದ ಕೆಲಸವೆನಿಸಿತ್ತು; ಇಂದಿಗೂ ಇಡುವವರಿದ್ದಾರೆ. ದಕ್ಷಿಣ ಭಾರತದ ಹಳೆಯ ದಾರಿಗಳಲ್ಲಿ ಹೊರೆ ಇಳಿಸುವ ಕಲ್ಲುಗಳೂ ಕಾಣಸಿಗುತ್ತವೆ. ತಮಿಳರು ಅದನ್ನು ‘ಸುಮೈತಾಂಗಿ’ ಎನ್ನುತ್ತಾರೆ, ಮಲಯಾಳಿಗಳು ‘ಅತ್ತಾಣಿ’ ಎನ್ನುತ್ತಾರೆ. ನೆಟ್ಟಗೆ ನಿಲ್ಲಿಸಿದ ಎರಡು ಕಲ್ಲು, ಮೇಲೊಂದು ಅಡ್ಡಗಲ್ಲು, ಅಷ್ಟೆ. ತಮಿಳುನಾಡಿನಲ್ಲಿ ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ ಮನೆಯವರು ಇಂಥ ಕಲ್ಲು ನಿಲ್ಲಿಸುವ ವಾಡಿಕೆಯಿತ್ತು. ಇಳಿಸಲಾಗದ ಹೊರೆಯೊಂದಿಗೆ ಹೋದವಳ ಹೆಸರಿನಲ್ಲಿ ಬೇರೆಯವರ ಹೊರೆ ಇಳಿಯಲಿ ಎಂಬುದು ಆಶಯ.

ಆ ಅಡ್ಡಗಲ್ಲಿನ ಎತ್ತರವನ್ನು ಯೋಚಿಸಿಯೇ ಗೊತ್ತುಮಾಡಿದ್ದಾರೆ. ಅದು ಹೆಚ್ಚು ಕಡಿಮೆ ನಿಂತ ಮನುಷ್ಯನ ಹೆಗಲಿನ ಮಟ್ಟಕ್ಕಿರುತ್ತದೆ. ಒಬ್ಬಂಟಿಯಾಗಿ ಬಂದವನು ಬಾಗದೆ, ಯಾರನ್ನೂ ಕರೆಯದೆ, ತಲೆಯ ಮೇಲಿನ ಮೂಟೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಾನೇ ಎತ್ತಿಕೊಂಡು ಮುಂದೆ ಹೋಗಬಹುದು.